ಖಜಾನೆ ಬರಿದಾದಾಗ ಸುಧಾರಣೆಗಳ ಗತಿ: ಕ್ಯಾಲಿಫೋರ್ನಿಯಾದ ಪಾಠ

2009ರ ಜುಲೈ 2ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಸರ್ಕಾರವು ತನಗೆ ಸರಕು ಮತ್ತು ಸೇವೆ ಒದಗಿಸಿದವರಿಗೆ ಹಣದ ಬದಲು ಸಾಲದ ಚೀಟಿಗಳನ್ನು ಕೊಡಲಾರಂಭಿಸಿತು. ‘ನೋಂದಾಯಿತ ವಾರಂಟ್’ ಎಂದು ಕರೆಯಲಾದ ಈ ಚೀಟಿಯನ್ನು ವರ್ತಕರ ಭಾಷೆಯಲ್ಲಿ ಮುದ್ದತು ಹುಂಡಿ ಎನ್ನಬಹುದು. ಹಣ ಪಾವತಿಗೆ ಅಕ್ಟೋಬರ್ 2ರ ಗಡುವು; ಅಲ್ಲಿಯವರೆಗೆ ವಾರ್ಷಿಕ ಶೇ. 3.75 ಬಡ್ಡಿ. ಆರಂಭದ ಕೆಲವು ದಿನ ಇವುಗಳನ್ನು ಸ್ವೀಕರಿಸಿದ ಹಲವು ದೊಡ್ಡ ಬ್ಯಾಂಕುಗಳು ಜುಲೈ 10ರ ನಂತರ ನಿರಾಕರಿಸಿದವು. ನೌಕರರ ಸಂಬಳ, ಮಳಿಗೆಯ ಬಾಡಿಗೆ, ಕಚ್ಚಾ ಮಾಲಿನ ಬಾಕಿ ಇವಾವುವೂ ಚೀಟಿಯಿಂದ ತೀರುವಂಥವಲ್ಲ. ಗಡುವಿಗೆ ಮೊದಲೇ, ಸೆಪ್ಟೆಂಬರ್ 4ರಿಂದ, ಸರ್ಕಾರ ಹಣ ಕೊಡಲು ಸಮರ್ಥವಾಯಿತು. ಅಷ್ಟರೊಳಗೆ ಸುಮಾರು 4.5 ಲಕ್ಷ ಚೀಟಿಗಳು ಹೊರಬಿದ್ದಿದ್ದವು. ಅವುಗಳ ಒಟ್ಟು ಮೌಲ್ಯ ಸುಮಾರು 260 ಕೋಟಿ ಡಾಲರ್.

ಆಗ ಆ ರಾಜ್ಯದ ಗವರ್ನರ್ ಆಗಿದ್ದವರು ಚಲನಚಿತ್ರಗಳ ಮೂಲಕ ಜಗತ್ತಿಗೆ ಪರಿಚಿತರಾದ ಆರ್ನಾಲ್ಡ್ ಶ್ವಾರ್ಜನೆಗರ್. ಅಮೆರಿಕದ ಗವರ್ನರ್ ಭಾರತದ ರಾಜ್ಯಪಾಲರಂತೆ ಕೇಂದ್ರದಿಂದ ನೇಮಕಗೊಂಡವರಲ್ಲ. ಜನರಿಂದ ನೇರವಾಗಿ ಆಯ್ಕೆಯಾಗಿ, ಆಡಳಿತದ ಹೊಣೆಯನ್ನು ಹೊರುವ ಕಾರ್ಯಾಂಗದ ಮುಖ್ಯಸ್ಥರು. ಆದ್ದರಿಂದ ಅವರನ್ನು ಇಲ್ಲಿಯ ಮುಖ್ಯಮಂತ್ರಿಗಳೊಡನೆ ಹೋಲಿಸುವುದೇ ಸೂಕ್ತ. 2003ರ ನವೆಂಬರ್‌ನಿಂದ 2011ರ ಜನವರಿಯವರೆಗಿನ ತಮ್ಮ ಆಡಳಿತದಲ್ಲಿ ಶ್ವಾರ್ಜನೆಗರ್ ಅವರು ವೆಚ್ಚ, ಇಂಧನ, ಆರೋಗ್ಯ ಮತ್ತು ಶಿಕ್ಷಣ ಈ ನಾಲ್ಕೂ ಕ್ಷೇತ್ರಗಳಲ್ಲಿ ಸುಧಾರಣೆಗೆ ಕೈಹಾಕಿದರು. ಇವುಗಳಲ್ಲಿ ಕೆಲವು ಬೇರೂರಿದವು, ಕೆಲವು ಮೊಳಕೆಯಲ್ಲೇ ಬಾಡಿದವು. ಏಕೆ ಹೀಗಾಯಿತು ಎಂಬುದು ಸರ್ಕಾರದೊಡನೆ ವ್ಯವಹರಿಸುವ ಪ್ರತಿಯೊಬ್ಬ ವರ್ತಕನೂ ಉದ್ದಿಮೆದಾರನೂ ಅರಿಯಬೇಕಾದ ಸಂಗತಿ.

ವೆಚ್ಚ: ಆರಂಭದಲ್ಲೇ ಬಿದ್ದ ಹೊರೆ

2003ರ ಅಕ್ಟೋಬರ್ 7ರಂದು ಕ್ಯಾಲಿಫೋರ್ನಿಯಾದ ಮತದಾರರು ಗವರ್ನರ್ ಗ್ರೇ ಡೇವಿಸ್ ಅವರನ್ನು ಅವಧಿಗೆ ಮೊದಲೇ ಹಿಂದಕ್ಕೆ ಕರೆಸಿಕೊಂಡು, ಅದೇ ಚುನಾವಣೆಯಲ್ಲಿ ಶ್ವಾರ್ಜನೆಗರ್ ಅವರನ್ನು ಆರಿಸಿದರು. ಆಯವ್ಯಯದ ಭಾರಿ ಕೊರತೆ ಮತ್ತು ಏರಿಸಲಾದ ವಾಹನ ಪರವಾನಗಿ ಶುಲ್ಕ ಜನರ ಅಸಮಾಧಾನಕ್ಕೆ ಮುಖ್ಯ ಕಾರಣಗಳಾಗಿದ್ದವು. ಅಧಿಕಾರ ವಹಿಸಿಕೊಂಡ ದಿನವೇ ಹೊಸ ಗವರ್ನರ್ ಆ ಶುಲ್ಕದ ಏರಿಕೆಯನ್ನು ರದ್ದುಪಡಿಸಿದರು. ಜನ ಮೆಚ್ಚಿದರು, ಆದರೆ ಆ ಶುಲ್ಕವನ್ನು ನಂಬಿದ್ದ ನಗರ ಮತ್ತು ಜಿಲ್ಲಾಡಳಿತಗಳ ನಷ್ಟವನ್ನು ರಾಜ್ಯವೇ ತುಂಬಿಕೊಡಬೇಕಾಯಿತು. ಇದರಿಂದ ಖಜಾನೆಯ ಮೇಲೆ ವರ್ಷಕ್ಕೆ ಸುಮಾರು 400 ಕೋಟಿ ಡಾಲರುಗಳ ಹೊರೆ ಬಿದ್ದಿತು.

2004ರ ಮಾರ್ಚ್‌ನಲ್ಲಿ ಮತದಾರರ ಒಪ್ಪಿಗೆ ಪಡೆದು 1,500 ಕೋಟಿ ಡಾಲರುಗಳವರೆಗೆ ಬಾಂಡ್ ಎತ್ತಿ ಹಳೆಯ ಕೊರತೆಯನ್ನು ತುಂಬಲಾಯಿತು. ಅದರೊಡನೆ, ಮುಂದೆ ಕೊರತೆ ತುಂಬಲು ಇಂತಹ ಸಾಲ ಮಾಡಕೂಡದು, ಆಪತ್ತಿಗಾಗಿ ಮೀಸಲು ನಿಧಿ ಇರಿಸಬೇಕು ಎಂಬ ನಿಯಮಗಳೂ ಜಾರಿಗೆ ಬಂದವು. ವೆಚ್ಚಕ್ಕೆ ಇನ್ನೂ ಬಿಗಿಯಾದ ಮಿತಿ ಹಾಕುವ ಪ್ರಸ್ತಾವವನ್ನು ಅವರು 2005ರ ನವೆಂಬರ್‌ನಲ್ಲಿ ಜನರ ಮುಂದಿಟ್ಟಾಗ ಮತದಾರರು ತಿರಸ್ಕರಿಸಿದರು.

ರಾಜ್ಯದ ವರಮಾನದ ಸ್ವರೂಪವೇ ಸಮಸ್ಯೆಯ ಮೂಲವಾಗಿತ್ತು. 1978ರ ಜನಮತದ ನಂತರ ಅಲ್ಲಿ ಆಸ್ತಿ ತೆರಿಗೆಗೆ ಬಿಗಿಯಾದ ಮಿತಿ ಬಿದ್ದಿತ್ತು. ವೈಯಕ್ತಿಕ ಆದಾಯ ತೆರಿಗೆಯೇ ಆಧಾರಸ್ತಂಭವಾಯಿತು. ಷೇರುಪೇಟೆ ಏರಿದ ವರ್ಷಗಳಲ್ಲಿ ಅದರ ಅರ್ಧದಷ್ಟು ಅತಿ ಶ್ರೀಮಂತರಾದ ಶೇ. 1ರಷ್ಟು ಜನರಿಂದಲೇ ಬರುತ್ತಿತ್ತು. ಪೇಟೆ ಕುಸಿದೊಡನೆ ವರಮಾನವೂ ಕುಸಿಯುತ್ತಿತ್ತು. ಸಾಲದ್ದಕ್ಕೆ, ಆಯವ್ಯಯಕ್ಕೂ ತೆರಿಗೆ ಏರಿಕೆಗೂ ಶಾಸನಸಭೆಯ ಮೂರನೆಯ ಎರಡರಷ್ಟು ಬಹುಮತ ಬೇಕಾಗಿತ್ತು. 2009ರಲ್ಲಿ ಕೊರತೆ ಸುಮಾರು 2,600 ಕೋಟಿ ಡಾಲರಿಗೆ ಮುಟ್ಟಿದಾಗ, ಸಂವಿಧಾನದ ರಕ್ಷಣೆ ಇದ್ದ ಶಾಲೆಗಳಿಗೂ ಬಾಂಡುದಾರರಿಗೂ ಮೊದಲು ಹಣ ಸಂದಿತು. ಸರಕು ಪೂರೈಸಿದ ವರ್ತಕರ ಕೈಗೆ ಬಂದದ್ದು ಚೀಟಿ.

ಉದ್ದಿಮೆಗೆ ದೊರೆತ ನೆಮ್ಮದಿ

ಉದ್ದಿಮೆದಾರರಿಗೆ ತಕ್ಷಣದ ಲಾಭ ತಂದ ಸುಧಾರಣೆಯೆಂದರೆ 2004ರ ಏಪ್ರಿಲ್‌ನಲ್ಲಿ ಅಂಕಿತ ಪಡೆದ ಕಾರ್ಮಿಕ ಪರಿಹಾರ ವಿಮೆಯ ಶಾಸನ. ಕೆಲಸದ ವೇಳೆ ಗಾಯಗೊಂಡವರ ಚಿಕಿತ್ಸೆ ಮತ್ತು ಪರಿಹಾರಕ್ಕಾಗಿ ಮಾಲೀಕರು ಕಟ್ಟುವ ವಿಮಾ ಕಂತು 2003ರಲ್ಲಿ ವೇತನದ ಪ್ರತಿ 100 ಡಾಲರಿಗೆ ಸರಾಸರಿ 6 ಡಾಲರನ್ನು ಮೀರಿತ್ತು. ಚಿಕಿತ್ಸೆಗೆ ವೈದ್ಯಕೀಯ ಮಾನದಂಡ, ಅಂಗವೈಕಲ್ಯವನ್ನು ಅಳೆಯಲು ಏಕರೂಪದ ಕ್ರಮ ಮೊದಲಾದ ಬದಲಾವಣೆಗಳಿಂದ 2009ರ ವೇಳೆಗೆ ಕಂತು ಅರ್ಧಕ್ಕಿಂತ ಕೆಳಗಿಳಿಯಿತು. ಆದರೆ ಇದರ ಬೆಲೆ ತೆತ್ತವರೂ ಇದ್ದರು. ಶಾಶ್ವತ ವೈಕಲ್ಯಕ್ಕೊಳಗಾದ ಕಾರ್ಮಿಕರ ಪರಿಹಾರ ಗಣನೀಯವಾಗಿ ತಗ್ಗಿತು. ಅದನ್ನು ಸರಿಪಡಿಸಲು 2012ರಲ್ಲಿ ಮತ್ತೊಂದು ಶಾಸನ ತರಬೇಕಾಯಿತು.

ಇಂಧನ: ಮುಂಚಿತವಾಗಿ ತಿಳಿದ ಹಾದಿ

ಅವರ ಹೆಸರನ್ನು ಉಳಿಸಿದ್ದು ಇಂಧನ ನೀತಿ. 2006ರ ಸೆಪ್ಟೆಂಬರ್‌ನಲ್ಲಿ ಅವರು ಅಂಕಿತ ಹಾಕಿದ ಶಾಸನವು, 2020ರ ವೇಳೆಗೆ ರಾಜ್ಯದ ಹಸಿರುಮನೆ ಅನಿಲಗಳ ಪ್ರಮಾಣವನ್ನು 1990ರ ಮಟ್ಟಕ್ಕೆ ಇಳಿಸಬೇಕೆಂದು ವಿಧಿಸಿತು. ರಿಪಬ್ಲಿಕನ್ ಪಕ್ಷದ ಗವರ್ನರ್ ಡೆಮಾಕ್ರಟಿಕ್ ಬಹುಮತದ ಶಾಸನಸಭೆಯೊಡನೆ ಕೂಡಿ ಮಾಡಿದ ಕೆಲಸವಿದು. ನಿರುದ್ಯೋಗ ಇಳಿಯುವವರೆಗೆ ಈ ಶಾಸನವನ್ನು ಅಮಾನತಿನಲ್ಲಿಡಬೇಕೆಂಬ ಪ್ರಸ್ತಾವ 2010ರ ನವೆಂಬರ್‌ನಲ್ಲಿ ಜನಮತಕ್ಕೆ ಬಂದಾಗ, ಆರ್ಥಿಕ ಹಿಂಜರಿತದ ನಡುವೆಯೂ ಮತದಾರರು ಅದನ್ನು ಸೋಲಿಸಿದರು. 2020ರ ಗುರಿಯನ್ನು ರಾಜ್ಯವು ನಾಲ್ಕು ವರ್ಷ ಮೊದಲೇ, 2016ರಲ್ಲಿ, ಮುಟ್ಟಿತು. ಇದರಲ್ಲಿ ಶಾಸನದ ಪಾಲೆಷ್ಟು, ಹಿಂಜರಿತದ ಪಾಲೆಷ್ಟು ಎಂಬ ಚರ್ಚೆ ಇದ್ದೇ ಇದೆ.

ಸಣ್ಣ ಉದ್ದಿಮೆಗಳಿಗೆ ಇನ್ನೂ ಹತ್ತಿರವಾದದ್ದು ಅದೇ ವರ್ಷದ ‘ಹತ್ತು ಲಕ್ಷ ಸೌರ ಛಾವಣಿ’ ಯೋಜನೆ. 3,000 ಮೆಗಾವ್ಯಾಟ್ ಸಾಮರ್ಥ್ಯದ ಗುರಿ, ಸುಮಾರು 330 ಕೋಟಿ ಡಾಲರುಗಳ ವೆಚ್ಚ. ಸಹಾಯಧನವು ಒಂದೇ ಮಟ್ಟದಲ್ಲಿ ಉಳಿಯುವುದಿಲ್ಲ, ಅಳವಡಿಕೆ ಹೆಚ್ಚಿದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ ಎಂಬುದನ್ನು ಆರಂಭದಲ್ಲೇ ಪ್ರಕಟಿಸಲಾಗಿತ್ತು. ಹಣ ಬಂದದ್ದು ಬಹುಪಾಲು ವಿದ್ಯುತ್ ಬಳಕೆದಾರರ ಬಿಲ್ಲಿನಿಂದಲೇ ಹೊರತು ರಾಜ್ಯದ ಸಾಮಾನ್ಯ ಖಜಾನೆಯಿಂದಲ್ಲ. ಆದ್ದರಿಂದ 2009ರ ಬಿಕ್ಕಟ್ಟು ಈ ಯೋಜನೆಯ ಉಸಿರು ನಿಲ್ಲಿಸಲಿಲ್ಲ. ಸೌರ ಫಲಕ ಜೋಡಿಸುವ ಸಣ್ಣ ಸಂಸ್ಥೆಗಳು ಮುಂದಿನ ಮೆಟ್ಟಿಲನ್ನು ಲೆಕ್ಕ ಹಾಕಿ ದರ ನಿಗದಿ ಮಾಡಬಹುದಾಗಿತ್ತು. ಹತ್ತು ಲಕ್ಷ ಅಳವಡಿಕೆಗಳ ಗುರಿ 2019ರ ಡಿಸೆಂಬರ್‌ನಲ್ಲಿ ಈಡೇರಿತು.

ಆರೋಗ್ಯ: ದಡ ಸೇರದ ದೋಣಿ

2007ರ ಜನವರಿಯಲ್ಲಿ ಗವರ್ನರ್ ಅವರು ರಾಜ್ಯದ ಎಲ್ಲರಿಗೂ ಆರೋಗ್ಯ ವಿಮೆ ಒದಗಿಸುವ ಯೋಜನೆಯನ್ನು ಮಂಡಿಸಿದರು. ಪ್ರತಿಯೊಬ್ಬರೂ ವಿಮೆ ಹೊಂದಿರತಕ್ಕದ್ದು. ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದೂ ವಿಮೆ ಕೊಡದ ಮಾಲೀಕರು ವೇತನದ ಶೇ. 4ರಷ್ಟನ್ನು ನಿಧಿಗೆ ಕಟ್ಟತಕ್ಕದ್ದು, ಆಸ್ಪತ್ರೆಗಳು ಶೇ. 4, ವೈದ್ಯರು ಶೇ. 2ರಷ್ಟು ವಂತಿಗೆ ನೀಡತಕ್ಕದ್ದು ಎಂಬುದು ಅದರ ಚೌಕಟ್ಟು. ವಿಮೆ ಇಲ್ಲದ ರೋಗಿಗಳ ವೆಚ್ಚ ಕೊನೆಗೆ ವಿಮೆ ಇರುವವರ ಕಂತಿನ ಮೇಲೆಯೇ ಬೀಳುತ್ತದೆ ಎಂಬುದು ಅವರ ವಾದ. ಸಣ್ಣ ಉದ್ದಿಮೆದಾರರಲ್ಲಿ ಅನೇಕರು ಇದನ್ನು ಹೊಸ ತೆರಿಗೆ ಎಂದೇ ಕಂಡರು. ಈಗಾಗಲೇ ನೌಕರರಿಗೆ ವಿಮೆ ಮಾಡಿಸಿದ್ದವರಿಗೆ ಇದು ಸ್ಪರ್ಧೆಯನ್ನು ಸಮಗೊಳಿಸುವ ಕ್ರಮವಾಗಿ ಕಾಣಬಹುದಾಗಿತ್ತು.

ತಿದ್ದುಪಡಿಗೊಂಡ ಮಸೂದೆಗೆ 2007ರ ಡಿಸೆಂಬರ್‌ನಲ್ಲಿ ಕೆಳಮನೆಯ ಒಪ್ಪಿಗೆ ದೊರೆಯಿತು. ಮರು ತಿಂಗಳೇ ಸುಮಾರು 1,450 ಕೋಟಿ ಡಾಲರುಗಳ ಹೊಸ ಕೊರತೆ ಪ್ರಕಟವಾಯಿತು. 2008ರ ಜನವರಿ 28ರಂದು ಸೆನೆಟ್‌ನ ಆರೋಗ್ಯ ಸಮಿತಿ ಮಸೂದೆಯನ್ನು ತಳ್ಳಿಹಾಕಿತು. 2010ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ಆರೋಗ್ಯ ಶಾಸನ ಬಂದ ಮೇಲೆ, ಅದರ ಆಸರೆಯಲ್ಲಿ ವಿಮಾ ವಿನಿಮಯ ಕೇಂದ್ರ ಸ್ಥಾಪಿಸುವ ಶಾಸನಕ್ಕೆ ಶ್ವಾರ್ಜನೆಗರ್ ಅವರು ಅದೇ ಸೆಪ್ಟೆಂಬರ್‌ನಲ್ಲಿ ಅಂಕಿತ ಹಾಕಿದರು. ಸ್ವಂತ ಬಲದಿಂದ ಆಗದ ಕೆಲಸ ಕೇಂದ್ರದ ಹಣದಿಂದ ಆಯಿತು.

ಶಿಕ್ಷಣ: ಕೊಟ್ಟ ಮಾತಿನ ಬೆಲೆ

ರಾಜ್ಯದ ವರಮಾನದಲ್ಲಿ ಶಾಲೆಗಳಿಗೆ ಕನಿಷ್ಠ ಪಾಲನ್ನು 1988ರ ಜನಮತವೇ ಖಾತ್ರಿಗೊಳಿಸಿತ್ತು. 2004ರಲ್ಲಿ, ಮುಂದೆ ಹಿಂದಿರುಗಿಸುವ ಭರವಸೆಯ ಮೇಲೆ, ಗವರ್ನರ್ ಈ ಪಾಲಿನಲ್ಲಿ ಸುಮಾರು 200 ಕೋಟಿ ಡಾಲರನ್ನು ತಡೆಹಿಡಿದರು. ಮರುವರ್ಷ ಹಣ ಹಿಂದಿರುಗಲಿಲ್ಲ. ಅದೇ ವರ್ಷ ಶಿಕ್ಷಕರ ಉದ್ಯೋಗ ಖಾಯಮಾತಿಯ ಅವಧಿಯನ್ನು ಎರಡು ವರ್ಷದಿಂದ ಐದಕ್ಕೆ ಏರಿಸುವ ಪ್ರಸ್ತಾವವನ್ನು ಅವರು ಜನರ ಮುಂದಿಟ್ಟರು. ಶಿಕ್ಷಕರ ಸಂಘಟನೆಗಳು ತಿರುಗಿಬಿದ್ದವು, ಪ್ರಸ್ತಾವ ಸೋತಿತು. ನ್ಯಾಯಾಲಯದ ಮೆಟ್ಟಿಲೇರಿದ್ದ ಬಾಕಿಯ ವಿವಾದ 2006ರಲ್ಲಿ ರಾಜಿಯಾಗಿ, ಸುಮಾರು 290 ಕೋಟಿ ಡಾಲರನ್ನು ಕಂತುಗಳಲ್ಲಿ ಕೊಡಲು ಸರ್ಕಾರ ಒಪ್ಪಿತು.

ಶಾಲಾ ಕಾಲೇಜುಗಳ ಕಟ್ಟಡಕ್ಕೆ 1,040 ಕೋಟಿ ಡಾಲರುಗಳ ಬಾಂಡಿಗೆ ಅದೇ ವರ್ಷ ಮತದಾರರು ಒಪ್ಪಿದರು. ಆದರೆ 2009ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಶುಲ್ಕವನ್ನು ಶೇ. 32ರಷ್ಟು ಏರಿಸಲಾಯಿತು. ವಿಶ್ವವಿದ್ಯಾನಿಲಯಗಳಿಗಿಂತ ಸೆರೆಮನೆಗಳಿಗೆ ಹೆಚ್ಚು ವ್ಯಯವಾಗುತ್ತಿರುವುದು ಸಲ್ಲದೆಂದು ಗವರ್ನರ್ 2010ರ ಜನವರಿಯಲ್ಲಿ ಶಾಸನಸಭೆಗೆ ತಿಳಿಸಿ, ಸಂವಿಧಾನ ತಿದ್ದುಪಡಿಯನ್ನು ಸೂಚಿಸಿದರು. ಆ ಸೂಚನೆ ಕೈಗೂಡಲಿಲ್ಲ.

ವರ್ತಕರು ಗಮನಿಸಬೇಕಾದದ್ದು

ಈ ನಾಲ್ಕೂ ಕ್ಷೇತ್ರಗಳನ್ನು ಒಟ್ಟಿಗೆ ನೋಡಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ತನ್ನದೇ ಆದ ವರಮಾನದ ಮೂಲವನ್ನೂ ಮುಂಚಿತವಾಗಿ ತಿಳಿಸಿದ ಕಾಲಕ್ರಮವನ್ನೂ ಹೊಂದಿದ್ದ ನೀತಿ ಉಳಿಯಿತು. ಸಾಮಾನ್ಯ ಖಜಾನೆಯನ್ನು ನಂಬಿದ್ದು ಖಜಾನೆಯೊಡನೆ ಮುಳುಗಿತು. ಪೇಟೆ ಏರಿದಾಗ ಬರುವ ಹೆಚ್ಚುವರಿ ವರಮಾನವನ್ನು ಮೀಸಲಿಡುವ ಬಲವಾದ ನಿಯಮಕ್ಕೆ ಶ್ವಾರ್ಜನೆಗರ್ ಅವರ ಕೊನೆಯ ವರ್ಷದಲ್ಲಿ ತಳಹದಿ ಬಿದ್ದಿತಾದರೂ, ಅದು ಪರಿಷ್ಕೃತ ರೂಪದಲ್ಲಿ ಮತದಾರರ ಒಪ್ಪಿಗೆ ಪಡೆದದ್ದು 2014ರಲ್ಲಿ, ಮತ್ತೊಂದು ಪಕ್ಷದ ಗವರ್ನರ್ ಆಡಳಿತದಲ್ಲಿ. 2004ರಲ್ಲಿ ಎತ್ತಿದ ಬಾಂಡುಗಳ ಸಾಲ ತೀರಿದ್ದು 2015ರಲ್ಲಿ.

ಕರ್ನಾಟಕವು ವಿತ್ತೀಯ ಹೊಣೆಗಾರಿಕೆ ಕಾಯಿದೆಯನ್ನು 2002ರಲ್ಲೇ, ದೇಶದ ರಾಜ್ಯಗಳಲ್ಲಿ ಮೊದಲನೆಯದಾಗಿ, ರೂಪಿಸಿಕೊಂಡಿತು. ಬಾಕಿ ಬಿಲ್ಲುಗಳ ವಿಷಯದಲ್ಲಿ 2006ರ ಕೇಂದ್ರ ಕಾಯಿದೆಯು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ರಕ್ಷಣೆ ನೀಡಿದೆ: ಖರೀದಿದಾರರು 45 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯಾಗಿ ತೆರಬೇಕು. ಕ್ಯಾಲಿಫೋರ್ನಿಯಾದ ಶೇ. 3.75ಕ್ಕಿಂತ ಇದು ಕಾಗದದ ಮೇಲೆ ಬಹು ಉದಾರವಾದದ್ದು. ಆದರೆ ಬಡ್ಡಿಯ ಹಕ್ಕು ದುಡಿಮೆ ಬಂಡವಾಳಕ್ಕೆ ಬದಲಿಯಾಗದು. ಸರ್ಕಾರದ ಆದೇಶವನ್ನು ನಂಬಿ ಮಾಲು ತಯಾರಿಸುವವರು ಆಯವ್ಯಯದ ಘೋಷಣೆಗಳನ್ನು ಓದುವಷ್ಟೇ ಎಚ್ಚರದಿಂದ ವರಮಾನದ ಪುಟಗಳನ್ನೂ ಓದುವುದು ಒಳಿತು. ಬಿಲ್ಲು ಪಾವತಿಯಾಗುವುದು ಆ ಪುಟಗಳಿಂದಲೇ.