ವ್ಯಾಟ್ ಕೇಳುವ ಮುನ್ನ ಓಮ್ ನೋಡಿ

ಡಿವಿಡಿ ಓಡುವುದು ನಿಂತು ವರ್ಷಗಳೇ ಆಗಿವೆ. ರಿಮೋಟ್ ಎಲ್ಲಿದೆಯೋ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆದರೂ ಹಾಲ್‌ನ ಮೂಲೆಗಳಲ್ಲಿ ಪುಟ್ಟ ಸ್ಪೀಕರ್‌ಗಳು ಗೋಡೆಗೆ ಅಂಟಿಕೊಂಡೇ ಇವೆ. ಸಬ್‌ವೂಫರ್ ಡಬ್ಬದ ಮೇಲೆ ಮನಿಪ್ಲಾಂಟ್ ಕುಂಡ ಕೂತಿದೆ. 2000ದ ದಶಕದಲ್ಲಿ ಕಂತು ಕಟ್ಟಿ 5.1 ಹೋಂ ಥಿಯೇಟರ್ ತಂದ ಎಷ್ಟೋ ಮನೆಗಳ ಕಥೆ ಇದೇ. ಹೊಸ ಟಿವಿ ಬಂದಾಗ, ಇಲ್ಲವೇ ಬಣ್ಣ ಬಳಿಸುವಾಗ ಇಡೀ ಸೆಟ್ಟು ಗುಜರಿ ಪಾಲಾಗುತ್ತದೆ. ಜೋಡೆತ್ತಿನಲ್ಲಿ ಒಂದು ಕಾಲು ಮುರಿದುಕೊಂಡಿತೆಂದು ಎರಡನ್ನೂ ಮಾರಿದ ಹಾಗೆ.

ಏಕೆಂದರೆ ಕೆಟ್ಟಿರುವುದು ಸಾಮಾನ್ಯವಾಗಿ ಸ್ಪೀಕರ್ ಅಲ್ಲ. ಮೊದಲು ಸೋಲುವುದು ಡಿವಿಡಿಯ ಲೆನ್ಸು, ಆಮೇಲೆ ಪವರ್ ಸಪ್ಲೈನ ಕೆಪಾಸಿಟರ್‌ಗಳು. ಮಲೆನಾಡು, ಕರಾವಳಿಯ ಕಡೆಯಾದರೆ ಒಂದು ಒಳ್ಳೆಯ ಸಿಡಿಲಿಗೆ ಇಡೀ ಬೋರ್ಡೇ ಹೋಗುತ್ತದೆ. ಸ್ಪೀಕರ್‌ನೊಳಗೆ ಹಾಳಾಗುವಂಥದ್ದು ಕಡಿಮೆ: ಒಂದು ಅಯಸ್ಕಾಂತ, ಒಂದು ತಂತಿಯ ಸುರುಳಿ, ಅದಕ್ಕಂಟಿದ ಕೋನ್. ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ವಿವರಿಸಿದ ವಿನ್ಯಾಸವೇ ಇಂದಿಗೂ ಬಹುತೇಕ ಸ್ಪೀಕರ್‌ಗಳ ತಳಹದಿ. ಡಿವಿಡಿ ಹಳತಾಯಿತು, ಎಚ್‌ಡಿಎಂಐ ಇಲ್ಲದ ಪೆಟ್ಟಿಗೆಯೂ ಹಳತಾಯಿತು. ಸ್ಪೀಕರ್‌ಗೆ ಆ ಭಯವಿಲ್ಲ. ಬೇರೊಂದು ಆಂಪ್ಲಿಫೈಯರ್ ಸಿಕ್ಕರೆ ಅದು ನಾಳೆಯೇ ಹಾಡಲು ತಯಾರು. ಆದರೆ ಸಿಕ್ಕ ಆಂಪ್ಲಿಫೈಯರ್‌ಗೆಲ್ಲ ಜೋಡಿಸುವ ಹಾಗಿಲ್ಲ.

ಬೆನ್ನಿನ ಮೇಲಿನ ಚೀಟಿ

ಸ್ಪೀಕರ್ ತಿರುಗಿಸಿದರೆ ಹಿಂಬದಿಯಲ್ಲೊಂದು ಚೀಟಿ ಇರುತ್ತದೆ. ಎಲ್ಲರ ಕಣ್ಣೂ ಮೊದಲು ಅದರಲ್ಲಿನ ವ್ಯಾಟ್ ಮೇಲೆ ಬೀಳುತ್ತದೆ. ನೋಡಬೇಕಾದದ್ದು ಓಮ್. ಸ್ಪೀಕರ್ ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆ ಎಂಬುದರ ಲೆಕ್ಕ ಅದು. ಬಿಡಿಯಾಗಿ ಮಾರುವ ಮನೆ ಬಳಕೆಯ ಸ್ಪೀಕರ್‌ಗಳು ಹೆಚ್ಚಾಗಿ 6 ಅಥವಾ 8 ಓಮ್. ಒಂದೇ ಡಬ್ಬದಲ್ಲಿ ಬರುತ್ತಿದ್ದ ಹೋಂ ಥಿಯೇಟರ್‌ಗಳಲ್ಲಿ ಹಾಗಲ್ಲ. ಸೋನಿಯ ಡಿಎವಿ ಸರಣಿಯ ಹಲವು ಮಾದರಿಗಳ ಸ್ಪೀಕರ್‌ಗಳು ಬರೀ 3 ಓಮ್. ಕಡಿಮೆ ವೋಲ್ಟೇಜಿನಲ್ಲೇ ಹೆಚ್ಚು ವ್ಯಾಟ್ ಹಿಂಡಲು ತಯಾರಕರು ಕಂಡುಕೊಂಡ ದಾರಿ ಅದು. ಅವರ ಆಂಪ್ಲಿಫೈಯರ್ ಅದಕ್ಕೆಂದೇ ತಯಾರಾಗಿತ್ತು.

ಲೆಕ್ಕ ಸರಳ. 12 ವೋಲ್ಟ್ ಕೊಟ್ಟರೆ 8 ಓಮ್‌ನ ಸ್ಪೀಕರ್ ಎಳೆಯುವುದು ಒಂದೂವರೆ ಆಂಪಿಯರ್. 3 ಓಮ್‌ನದು ಎಳೆಯುವುದು 4 ಆಂಪಿಯರ್. 8 ಓಮ್‌ಗೆಂದು ಮಾಡಿದ ಆಂಪ್ಲಿಫೈಯರ್‌ಗೆ ಇದನ್ನು ಸಿಕ್ಕಿಸಿ ವಾಲ್ಯೂಮ್ ಏರಿಸಿದರೆ ಐಸಿ ಕಾದು ಕೆಂಡವಾಗುತ್ತದೆ. ರಕ್ಷಣಾ ವ್ಯವಸ್ಥೆ ಇದ್ದರೆ ತಾನೇ ಆಫ್ ಆಗುತ್ತದೆ, ಇಲ್ಲದಿದ್ದರೆ ಸುಟ್ಟ ವಾಸನೆ ಬರುತ್ತದೆ. ಸದ್ದನ್ನು ಹಲವು ಸ್ಪೀಕರ್‌ಗಳಿಗೆ ಹಂಚುವ ಎವಿ ರಿಸೀವರ್‌ಗಳಲ್ಲಿ ಬಹಳಷ್ಟು 6 ಓಮ್‌ಗಿಂತ ಕಡಿಮೆಯದನ್ನು ಒಪ್ಪುವುದಿಲ್ಲ. ಹಾಗಾಗಿ ಹಳೆಯ ಐದೂ ಸ್ಪೀಕರ್‌ಗಳನ್ನು ಹೊಸ ರಿಸೀವರ್‌ಗೆ ಹಾಕಿಬಿಡೋಣ ಎಂಬ ಆಸೆ ಹಲವು ಸಲ ಇಲ್ಲಿಯೇ ಮುಗಿಯುತ್ತದೆ.

ಸೆಲ್ ಇದ್ದರೆ ಸಾಕು

ಚೀಟಿ ಹರಿದುಹೋಗಿದ್ದರೆ ಮಲ್ಟಿಮೀಟರ್ ಇದೆ. ಅದು ತೋರಿಸುವ ಅಂಕಿ ನಿಜವಾದ ಓಮ್‌ಗಿಂತ ಸ್ವಲ್ಪ ಕಡಿಮೆ ಇರುತ್ತದೆ: 8 ಓಮ್‌ನದು 6ರ ಆಸುಪಾಸು, 4 ಓಮ್‌ನದು ಮೂರು ಚಿಲ್ಲರೆ. ಮೀಟರ್ ಮುಳ್ಳು ಅಲುಗಾಡದಿದ್ದರೆ ಒಳಗಿನ ಸುರುಳಿ ತುಂಡಾಗಿದೆ ಎಂದರ್ಥ.

ಮೀಟರ್ ಇಲ್ಲದಿದ್ದರೆ ಗೋಡೆ ಗಡಿಯಾರದ ಒಂದೂವರೆ ವೋಲ್ಟ್ ಸೆಲ್ ಬಿಚ್ಚಿ ತನ್ನಿ. ಸ್ಪೀಕರ್‌ನ ಎರಡು ವೈರ್‌ಗಳನ್ನು ಸೆಲ್ಲಿನ ಎರಡು ತುದಿಗೆ ಅರೆಕ್ಷಣ ಮುಟ್ಟಿಸಿದರೆ ‘ಟಕ್’ ಎಂದು ಸದ್ದಾಗಬೇಕು. ಜಾಲರಿ ತೆಗೆದು ಕೋನ್ ನೋಡುತ್ತಿರಿ. ಅದು ಮುಂದಕ್ಕೆ ಹಾರಿದರೆ ಸೆಲ್ಲಿನ ಪ್ಲಸ್‌ಗೆ ತಾಗಿದ ವೈರೇ ಸ್ಪೀಕರ್‌ನ ಪ್ಲಸ್. ಒಳಕ್ಕೆ ಹೋದರೆ ಉಲ್ಟಾ. ಈ ಗುರುತು ಮುಖ್ಯ. ಎರಡು ಸ್ಪೀಕರ್‌ಗಳಲ್ಲಿ ಒಂದು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿದ್ದರೆ ಬೇಸ್ ಮಾಯವಾಗಿ, ಹಾಡುವ ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದು. ಜೊತೆಗೆ ಕೋನ್ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ. ರಬ್ಬರ್ ಅಂಚಾದರೆ ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಫೋಮ್ ಅಂಚಾದರೆ ವರ್ಷಗಳ ತೇವಕ್ಕೆ ಪುಡಿಪುಡಿಯಾಗಿ ಉದುರುತ್ತದೆ. ಆಗ ಕೋನ್ ಕಟ್ಟುವವರ ಬಳಿ ಹೋಗದೆ ಗತಿಯಿಲ್ಲ.

ಇನ್ನು ಪ್ಲಗ್. ಇಂಥ ಸೆಟ್ಟುಗಳಲ್ಲಿ ಕಂಪನಿಗೊಂದು ಬಗೆಯ ಪ್ಲಾಸ್ಟಿಕ್ ಪ್ಲಗ್. ಬೇರೆ ಯಾವುದಕ್ಕೂ ಕೂರದು. ಅದನ್ನು ಕತ್ತರಿಸಿ ವೈರ್ ತುದಿ ಬಿಡಿಸಿಕೊಳ್ಳಿ. ಬಣ್ಣಗಳು ಸಾಮಾನ್ಯವಾಗಿ ಹೀಗಿರುತ್ತವೆ: ಬಿಳಿ ಮುಂದಿನ ಎಡ, ಕೆಂಪು ಮುಂದಿನ ಬಲ, ಹಸಿರು ನಡುವಿನದು, ನೀಲಿ ಹಿಂದಿನ ಎಡ, ಬೂದು ಹಿಂದಿನ ಬಲ, ನೇರಳೆ ಸಬ್‌ವೂಫರ್. ಕಂಪ್ಯೂಟರ್ ಜೊತೆ ಬರುತ್ತಿದ್ದ ಕೆಲವು 4.1, 5.1 ಸೆಟ್ಟುಗಳಲ್ಲಿ ಸ್ಪೀಕರ್ ವೈರಿಗೇ ಆರ್‌ಸಿಎ ಪಿನ್ ಇರುತ್ತದೆ. ಅದನ್ನು ಟಿವಿಯ ಆಡಿಯೋ ಔಟ್‌ಗೆ ಚುಚ್ಚಿ ಸದ್ದು ಬರಲಿಲ್ಲವೆಂದು ಸ್ಪೀಕರನ್ನು ಎಸೆಯಬೇಡಿ. ಪಿನ್ ಒಂದೇ ಆದರೂ ಅದಕ್ಕೆ ಬೇಕಾದದ್ದು ಆಂಪ್ಲಿಫೈಯರ್‌ನಿಂದ ಬರುವ ಶಕ್ತಿ.

ಯಾವ ಬೋರ್ಡು?

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಆಂಪ್ಲಿಫೈಯರ್ ಕೇಳಿದರೆ ಹಳೆಯ ರಿಪೇರಿಯವರು ಇಂದಿಗೂ ‘4440 ಬೋರ್ಡು’ ಎನ್ನುತ್ತಾರೆ. ಸ್ಯಾನ್ಯೊ ಕಂಪನಿಯ ಎಲ್‌ಎ 4440 ಐಸಿ ಆಟೋ, ಟೆಂಪೊಗಳಿಂದ ಹಿಡಿದು ಗಣೇಶನ ಪೆಂಡಾಲ್‌ವರೆಗೆ ಹಾಡಿದ್ದು. ಇಂದು ಅದಕ್ಕಿಂತ ಅನುಕೂಲವಾದದ್ದು ‘ಕ್ಲಾಸ್ ಡಿ’ ಎಂಬ ಬಗೆಯ ಆಂಪ್ಲಿಫೈಯರ್ ಬೋರ್ಡು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ 3116 ಐಸಿ ಇರುವ ಬೋರ್ಡು ಕೆಲವು ನೂರು ರೂಪಾಯಿಗೆ ಸಿಗುತ್ತದೆ. 21 ವೋಲ್ಟ್ ಕೊಟ್ಟರೆ 4 ಓಮ್ ಸ್ಪೀಕರ್‌ಗೆ ಚಾನೆಲ್‌ಗೆ 50 ವ್ಯಾಟ್ ನೀಡುವಂತೆ ಅದು ರೂಪುಗೊಂಡಿದೆ. ಕಾಯುವುದೂ ಕಡಿಮೆ. ಲ್ಯಾಪ್‌ಟಾಪ್ ಅಡಾಪ್ಟರ್‌ನ 19 ವೋಲ್ಟಿನಲ್ಲೇ ನಡೆಯುತ್ತದೆ, 230 ವೋಲ್ಟ್ ಮುಟ್ಟುವ ಪ್ರಮೇಯ ಬರುವುದಿಲ್ಲ.

ನಿಮ್ಮವು 3 ಓಮ್‌ನ ಸ್ಪೀಕರ್‌ಗಳಾದರೆ ಒಂದು ಉಪಾಯವಿದೆ. ಎಡಗಡೆಯ ಮುಂದಿನದನ್ನೂ ಹಿಂದಿನದನ್ನೂ ಸರಣಿಯಲ್ಲಿ ಜೋಡಿಸಿ: ಮೊದಲನೆಯದರ ಮೈನಸ್‌ನಿಂದ ಎರಡನೆಯದರ ಪ್ಲಸ್‌ಗೆ. 3 ಮತ್ತು 3 ಸೇರಿ 6 ಓಮ್ ಆಯಿತು. ಬಲಗಡೆಗೂ ಹಾಗೆಯೇ. ಈಗ ನಾಲ್ಕು ಸ್ಪೀಕರ್‌ಗಳೂ ಸಾಮಾನ್ಯ ಸ್ಟೀರಿಯೊ ಆಂಪ್ಲಿಫೈಯರ್‌ಗೆ ಒಗ್ಗುತ್ತವೆ. ನಾಲ್ಕೂ ಒಂದೇ ಮಾದರಿಯವಾಗಿರಬೇಕು ಅಷ್ಟೆ. ಸಮಾಂತರವಾಗಿ ಮಾತ್ರ ಜೋಡಿಸಬೇಡಿ, ಒಂದೂವರೆ ಓಮ್‌ಗೆ ಇಳಿದುಬಿಡುತ್ತದೆ.

ಕ್ಲಾಸ್ ಡಿ ಬೋರ್ಡುಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಎರಡೂ ಚಾನೆಲ್‌ಗಳ ಮೈನಸ್ ಒಂದೇ ಗ್ರೌಂಡ್ ಆಗಿರುವುದು ಮಾಮೂಲು. ವೈರ್ ಉಳಿಸಲು ಸೇರಿಸಿಬಿಡುತ್ತಿದ್ದರು. ಇಲ್ಲಿ ಮೈನಸ್ ಕಡೆಗೂ ಸಿಗ್ನಲ್ ಹರಿಯುತ್ತದೆ. ಎರಡನ್ನೂ ಸೇರಿಸಿದರೆ ಐಸಿಗೆ ಅಪಾಯ ತಪ್ಪದು.

ಸಬ್‌ವೂಫರ್‌ನ ತಕರಾರು

ಹಳೆಯ ಪೆಟ್ಟಿಗೆ ತೆರೆಮರೆಯಲ್ಲೊಂದು ಕೆಲಸ ಮಾಡುತ್ತಿತ್ತು. ಬೇಸನ್ನು ಸೋಸಿ ಸಬ್‌ವೂಫರ್‌ಗೆ ಕಳಿಸಿ, ಉಳಿದದ್ದನ್ನು ಮಾತ್ರ ಸಣ್ಣ ಸ್ಪೀಕರ್‌ಗಳಿಗೆ ಕೊಡುತ್ತಿತ್ತು. ಹೊಸ ಬೋರ್ಡು ಎಲ್ಲವನ್ನೂ ಎಲ್ಲದಕ್ಕೂ ಕೊಡುತ್ತದೆ. ಆಗ ಅಂಗೈಯಗಲದ ಕೋನ್ ತಮಟೆಯ ಏಟಿಗೆ ತತ್ತರಿಸಿ ಕರಕರ ಎನ್ನುತ್ತದೆ. ಸಬ್‌ವೂಫರ್ ಮಾತುಗಳನ್ನೆಲ್ಲ ಹೊದಿಕೆಯೊಳಗಿಂದ ಗೊಣಗುತ್ತದೆ.

ಇದಕ್ಕೆ ಪರಿಹಾರ 2.1 ಬೋರ್ಡು. ಅದರ ಸಬ್‌ವೂಫರ್ ಚಾನೆಲ್‌ನಲ್ಲಿ ಬೇಸನ್ನಷ್ಟೇ ಬಿಡುವ ಸೋಸುಕ ಇರುತ್ತದೆ. ಸಣ್ಣ ಸ್ಪೀಕರ್‌ಗಳ ಪ್ಲಸ್ ವೈರಿಗೆ ಒಂದೊಂದು ನಾನ್‌ಪೋಲಾರ್ ಕೆಪಾಸಿಟರ್ ಸೇರಿಸಿ. 4 ಓಮ್‌ಗೆ 220 ಮೈಕ್ರೊಫ್ಯಾರಡ್ ಹಾಕಿದರೆ ಸುಮಾರು 180 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಕ್ರಮೇಣ ಕುಗ್ಗುತ್ತದೆ. ಸ್ಪೀಕರ್ ಹಗುರಾಗಿ ಹಾಡುತ್ತದೆ, ಹೆಚ್ಚು ಕಾಲವೂ ಬಾಳುತ್ತದೆ.

ಹೊಸ ಟಿವಿಯಲ್ಲಿ ಹೆಡ್‌ಫೋನ್ ಜ್ಯಾಕ್ ಇಲ್ಲದೆ ಆಪ್ಟಿಕಲ್ ಔಟ್ ಮಾತ್ರ ಇದ್ದರೆ ನಡುವೆ ಡಿಜಿಟಲ್ ಸಿಗ್ನಲನ್ನು ಅನಲಾಗ್‌ಗೆ ಬದಲಿಸುವ ಒಂದು ಪುಟ್ಟ ಡಿಎಸಿ ಬೇಕು. ಟಿವಿ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಆಡಿಯೋವನ್ನು ‘ಪಿಸಿಎಂ’ಗೆ ಬದಲಿಸಲು ಮರೆಯಬೇಡಿ. ಡಾಲ್ಬಿಯಲ್ಲೇ ಬಿಟ್ಟರೆ ಸಾದಾ ಡಿಎಸಿಗೆ ಅರ್ಥವಾಗದೆ ಮೌನವೇ ಗತಿ.

ಎರಡು ಕಿವಿಗೆ ಎಷ್ಟು ಸ್ಪೀಕರ್?

ಇಷ್ಟೆಲ್ಲ ಮಾಡಿದ ಮೇಲೂ ಸಿನಿಮಾ ಮಂದಿರದ ಸುತ್ತುಸದ್ದು ಬರುವುದಿಲ್ಲ. ಐದು ಕಡೆಯಿಂದ ಬೇರೆಬೇರೆ ಸದ್ದು ಬೇಕೆಂದರೆ ಅದನ್ನು ಬಿಡಿಸಿ ಹಂಚುವ ರಿಸೀವರ್ ಬೇಕು. ಅಂಥ ಹಟವಿದ್ದರೆ ಹೊಸ ಸೆಟ್ಟನ್ನೇ ಕೊಳ್ಳುವುದು ಲೇಸು. ಹಾಡು, ವಾರ್ತೆ, ಕ್ರಿಕೆಟ್ಟು, ಧಾರಾವಾಹಿಗಾದರೆ ಈ ಹಳೆಯ ಸ್ಪೀಕರ್‌ಗಳೇ ಧಾರಾಳ. 1960ರ ದಶಕದ ಕನ್ನಡ ಚಿತ್ರಗೀತೆಗಳು ಮುದ್ರಣವಾದದ್ದೇ ಮೊನೊದಲ್ಲಿ. ಅವಕ್ಕೆ ಒಂದು ಸ್ಪೀಕರ್ ಸಾಕು, ಎರಡಿದ್ದರೆ ಸಂಭ್ರಮ. ಗುಂಪಿನಿಂದ ಹೊರಗುಳಿದ ನಡುವಿನ ಸ್ಪೀಕರನ್ನು ಅಡುಗೆಮನೆಗೆ ಒಯ್ದು ಬ್ಲೂಟೂತ್ ಇರುವ ಮೊನೊ ಬೋರ್ಡಿಗೆ ಜೋಡಿಸಿ.

ವ್ಯಾಟ್ ವಿಚಾರಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಡಬ್ಬದ ಮೇಲೆ ಸಾವಿರಗಟ್ಟಲೆ ಪಿಎಂಪಿಒ ಎಂದು ಬರೆದದ್ದಕ್ಕೆ ಯಾವ ನಿಗದಿತ ಅಳತೆಯೂ ಇಲ್ಲ. ಶಕ್ತಿ ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್ ಮಾತ್ರ. ಸದ್ದು ಕಿವಿಗೆ ಇಮ್ಮಡಿ ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಸಾಮಾನ್ಯ ಹಾಲ್‌ನಲ್ಲಿ ಮಾತನಾಡುತ್ತ ಕೇಳುವ ಹಾಡಿಗೆ ಒಂದೆರಡು ವ್ಯಾಟ್ ಖರ್ಚಾದರೆ ಹೆಚ್ಚು.

ಹಾಗಾಗಿ ಸ್ಪೀಕರ್ ಬೆನ್ನಿನ ಚೀಟಿಯದೊಂದು ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡೇ ಅಂಗಡಿಗೆ ಹೋಗಿ. ‘ಎಷ್ಟು ವ್ಯಾಟಿಂದು ಬೇಕು ಸಾರ್?’ ಎಂದರೆ ಫೋಟೊ ತೋರಿಸಿ, ಇಷ್ಟು ಓಮ್‌ಗೆ ತಡೆಯುವಂಥದ್ದು ಕೊಡಿ ಎನ್ನಿ. ‘ಯಾವುದಾದ್ರೂ ಆಗುತ್ತೆ, ತಗೊಂಡ್ಹೋಗಿ’ ಎಂದರೆ ಪಕ್ಕದ ಅಂಗಡಿಗೆ ನಡೆಯಿರಿ.