ಕುಟುಂಬದ ಊಟದ ದಿನಚರಿ

ಹಾಲು, ದಿನಪತ್ರಿಕೆ, ಇಸ್ತ್ರಿ ಬಟ್ಟೆಗಳ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ತಿಂಗಳಿಗೆ ಎಷ್ಟು ಲೀಟರ್ ಹಾಲು ಮನೆಗೆ ಬಂದಿತೆಂಬುದು ಅದರಿಂದ ತಿಳಿಯುತ್ತದೆ. ಆದರೆ ಆ ಹಾಲು ಯಾರ ಲೋಟಕ್ಕೆ ಎಷ್ಟು ಹೋಯಿತೆಂಬುದು ತಿಳಿಯುವುದಿಲ್ಲ. ಕುಟುಂಬದ ಸದಸ್ಯರ ಆರೋಗ್ಯವನ್ನು ನಿರ್ಧರಿಸುವುದು ಪ್ರತಿಯೊಬ್ಬರ ತಟ್ಟೆಗೆ ಬಿದ್ದ ಆಹಾರವೇ. ಇದನ್ನು ಕಣ್ಣಿಗೆ ಕಾಣುವಂತೆ ಮಾಡುವ ಸರಳ ಸಾಧನವೆಂದರೆ ಊಟದ ದಿನಚರಿ. ಇದಕ್ಕೆ ಒಂದು ನೋಟುಪುಸ್ತಕ, ಒಂದು ಪೆನ್ಸಿಲ್ ಹಾಗೂ ದಿನಕ್ಕೆ ಕೆಲವೇ ನಿಮಿಷಗಳ ಕಾಲಾವಕಾಶ ಸಾಕು.

ಬರೆದಿಡುವುದೇಕೆ?

ಮೊನ್ನೆ ಮಧ್ಯಾಹ್ನ ಏನು ಉಂಡಿರೆಂದು ಕೇಳಿದರೆ ಅನ್ನ, ಸಾರು, ಪಲ್ಯ ಎಂದು ಹೇಳಿಬಿಡುತ್ತೇವೆ. ನಡುವೆ ಬಾಯಿಗೆ ಹಾಕಿಕೊಂಡ ಚಕ್ಕುಲಿ, ಎರಡನೆಯ ಲೋಟ ಕಾಫಿ, ಹಸಿವಿಲ್ಲವೆಂದು ಬಿಟ್ಟ ಊಟ ಇವು ಸ್ಮರಣೆಗೆ ಬರುವುದಿಲ್ಲ. ಈ ಕಾರಣದಿಂದಲೇ ಆಹಾರ ಸಮೀಕ್ಷೆಗಳಲ್ಲಿ ಬಹು ಹಿಂದಿನ ಊಟದ ವಿಷಯವನ್ನು ಕೇಳುವುದಕ್ಕಿಂತ ಸಮೀಪದ ದಿನದ ಊಟವನ್ನು ಕೇಳುವ ಪದ್ಧತಿ ಬೆಳೆದುಬಂದಿತು. 1972ರಲ್ಲಿ ಆರಂಭವಾದ ರಾಷ್ಟ್ರೀಯ ಪೋಷಣೆ ಸಮೀಕ್ಷಾ ಬ್ಯೂರೋದ ಕಾರ್ಯಕರ್ತರು ಮನೆಗಳಿಗೆ ತೆರಳಿ, ಹಿಂದಿನ 24 ಗಂಟೆಗಳಲ್ಲಿ ಪ್ರತಿಯೊಬ್ಬರೂ ತಿಂದುದನ್ನು ಗೊತ್ತಾದ ಅಳತೆಯ ಬಟ್ಟಲುಗಳ ನೆರವಿನಿಂದ ದಾಖಲಿಸುತ್ತಿದ್ದರು. ಇದೇ ತತ್ತ್ವವನ್ನು ಪ್ರತಿಯೊಂದು ಮನೆಯಲ್ಲಿಯೂ ಅನುಸರಿಸಬಹುದು.

ಬರೆಯುವ ಕ್ರಮ

1. ವರ್ಷವಿಡೀ ಬರೆಯುವ ಅಗತ್ಯವಿಲ್ಲ. ಸತತವಾಗಿ 7 ದಿನ ಬರೆದರೆ ಕೆಲಸದ ದಿನ, ರಜಾದಿನಗಳೆರಡೂ ಸೇರುತ್ತವೆ. ಋತು ಬದಲಾದಾಗ ತರಕಾರಿ, ಹಣ್ಣುಗಳು ಬದಲಾಗುವುದರಿಂದ ಬೇಸಿಗೆ, ಮಳೆಗಾಲ, ಚಳಿಗಾಲಗಳಲ್ಲಿ ಒಂದೊಂದು ವಾರ ಬರೆಯುವುದು ಉತ್ತಮ.

2. ಒಂದು ಪುಟವನ್ನು ಒಂದು ದಿನಕ್ಕೆ ಮೀಸಲಿಡಬೇಕು. ಎಡಭಾಗದಲ್ಲಿ ವೇಳೆ, ಅನಂತರ ಪ್ರತಿಯೊಬ್ಬ ಸದಸ್ಯರಿಗೂ ಒಂದೊಂದು ಅಂಕಣ.

3. ತೂಕದ ಯಂತ್ರ ಬೇಕಾಗಿಲ್ಲ. ಮನೆಯಲ್ಲಿರುವ ಒಂದು ಬಟ್ಟಲು, ಒಂದು ಲೋಟ, ಒಂದು ಚಮಚವನ್ನು ಅಳತೆಯಾಗಿ ನಿಶ್ಚಯಿಸಿಕೊಂಡು "ಅನ್ನ 2 ಬಟ್ಟಲು, ಬೇಳೆ ಸಾರು 1 ಬಟ್ಟಲು, ಮಜ್ಜಿಗೆ 1 ಲೋಟ" ಎಂದು ಬರೆಯಬೇಕು.

4. ಊಟವಾದ ಕೂಡಲೇ ಬರೆಯಬೇಕು. ಹೊರಗೆ ತಿಂದುದು, ಮಕ್ಕಳ ಡಬ್ಬಿಯಲ್ಲಿ ಉಳಿದು ಬಂದುದು, ಕಾಫಿ, ಚಹಾ ಎಲ್ಲವನ್ನೂ ಸೇರಿಸಬೇಕು.

5. ದಿನಚರಿ ಬರೆಯುತ್ತಿದ್ದೇವೆಂಬ ಕಾರಣಕ್ಕಾಗಿ ಆ ವಾರ ಊಟವನ್ನು ಬದಲಾಯಿಸಬಾರದು.

ಬರೆಯುವ ಹೊಣೆಯನ್ನು ಗೃಹಿಣಿಯೊಬ್ಬಳ ಮೇಲೆಯೇ ಹೊರಿಸದೆ, ಪತಿಯಾಗಲಿ ಓದುಬರಹ ಬಲ್ಲ ಮಕ್ಕಳಾಗಲಿ ವಹಿಸಿಕೊಳ್ಳುವುದು ಯೋಗ್ಯ.

ಕೊನೆಯ ತಟ್ಟೆ

ವಾರದ ಅಂತ್ಯದಲ್ಲಿ ಪುಟಗಳನ್ನು ಮುಂದಿಟ್ಟುಕೊಂಡು ಮೊದಲು ಪರಿಶೀಲಿಸಬೇಕಾದುದು ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವವರ ಅಂಕಣವನ್ನು. ಬಹಳಷ್ಟು ಮನೆಗಳಲ್ಲಿ ಅದು ತಾಯಿಯ ಅಂಕಣ. ಸಾರಿನ ತಿಳಿ ಮಾತ್ರ ಉಳಿದು ಬೇಳೆ ಮುಗಿದಿರುತ್ತದೆ. ಪಲ್ಯದ ಬದಲು ಉಪ್ಪಿನಕಾಯಿ ಬಂದಿರುತ್ತದೆ. ಹಾಲು ಕಾಫಿಯ ಬಣ್ಣಕ್ಕಷ್ಟೇ ಸೀಮಿತವಾಗಿರುತ್ತದೆ. ಒಂದು ದಿನ ಹೀಗಾದರೆ ಅದನ್ನು ಯಾರೂ ಗಮನಿಸುವುದಿಲ್ಲ. ಏಳು ದಿನವೂ ಹೀಗೆಯೇ ಇದ್ದರೆ ಅದು ಕಾಗದದ ಮೇಲೆ ಸ್ಪಷ್ಟವಾಗಿ ಗೋಚರಿಸುತ್ತದೆ.

ಇದು ಸಣ್ಣ ವಿಷಯವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಅದೇ ವಯಸ್ಸಿನ ಪುರುಷರಲ್ಲಿ ಈ ಪ್ರಮಾಣ ಶೇಕಡಾ 25. ರಕ್ತಹೀನತೆಗೆ ಕಾರಣಗಳು ಹಲವಿದ್ದರೂ ಆಹಾರದಲ್ಲಿ ಕಬ್ಬಿಣಾಂಶದ ಕೊರತೆ ಅವುಗಳಲ್ಲಿ ಮುಖ್ಯವಾದುದು. ಸೊಪ್ಪು, ಕಾಳು, ಮಾಂಸಾಹಾರಿಗಳಾದಲ್ಲಿ ಮಾಂಸ ಮತ್ತು ಮೀನು ವಾರದಲ್ಲಿ ಎಷ್ಟು ಬಾರಿ ಆ ಅಂಕಣದಲ್ಲಿ ಕಾಣಿಸಿಕೊಂಡಿವೆ ಎಂದು ಎಣಿಸಬೇಕು. ಊಟದೊಂದಿಗೆ ನಿಂಬೆ, ನೆಲ್ಲಿ ಅಥವಾ ಸೀಬೆ ಇದ್ದರೆ ಸಸ್ಯಾಹಾರದ ಕಬ್ಬಿಣಾಂಶವನ್ನು ದೇಹವು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಊಟದ ಬೆನ್ನಿಗೇ ಕುಡಿದ ಕಾಫಿ, ಚಹಾ ಅದನ್ನು ತಡೆಯುತ್ತವೆ. ವೇಳೆಯ ಅಂಕಣವು ಉಪಯೋಗಕ್ಕೆ ಬರುವುದು ಇಲ್ಲಿಯೇ: ಊಟಕ್ಕೂ ಕಾಫಿಗೂ ಕನಿಷ್ಠ ಒಂದು ಗಂಟೆಯ ಅಂತರವಿರಬೇಕು.

ಎಣ್ಣೆ ಮತ್ತು ಉಪ್ಪಿನ ಲೆಕ್ಕ

ಎಣ್ಣೆ, ಉಪ್ಪುಗಳನ್ನು ತಟ್ಟೆಯಲ್ಲಿ ಅಳೆಯುವುದು ಕಷ್ಟ. ಇವನ್ನು ತಿಂಗಳ ಖರೀದಿಯಿಂದ ಲೆಕ್ಕ ಹಾಕಬಹುದು. ನಾಲ್ವರು ವಯಸ್ಕರ ಮನೆಯಲ್ಲಿ ತಿಂಗಳಿಗೆ 4 ಲೀಟರ್ ಎಣ್ಣೆ ಖರ್ಚಾದರೆ ಒಬ್ಬರಿಗೆ ದಿನಕ್ಕೆ 33 ಮಿಲಿಲೀಟರ್, ಅಂದರೆ ಸುಮಾರು 30 ಗ್ರಾಂ ಆಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ 2000 ಕಿಲೋಕ್ಯಾಲೊರಿಯ ಮಾದರಿ ತಟ್ಟೆಯಲ್ಲಿ ಎಣ್ಣೆ, ತುಪ್ಪಗಳಿಗೆ ಮೀಸಲಿಟ್ಟಿರುವುದು 27 ಗ್ರಾಂ. ತುಪ್ಪ, ಹೊರಗಿನ ತಿಂಡಿಗಳ ಎಣ್ಣೆಯನ್ನು ಇನ್ನೂ ಸೇರಿಸಬೇಕು. ಅದೇ ಮನೆಯಲ್ಲಿ ತಿಂಗಳಿಗೆ 1 ಕಿಲೋ ಉಪ್ಪು ಮುಗಿದರೆ ಒಬ್ಬರಿಗೆ ದಿನಕ್ಕೆ 8 ಗ್ರಾಂಗಿಂತ ಹೆಚ್ಚಾಗುತ್ತದೆ. ಪಾತ್ರೆ ತೊಳೆದ ನೀರಿನಲ್ಲಿ ಸ್ವಲ್ಪ ಹೋಯಿತೆಂದಿಟ್ಟುಕೊಂಡರೂ ಇದು 5 ಗ್ರಾಂಗಳ ಮಿತಿಯನ್ನು ಮೀರುವ ಸಂಭವವೇ ಅಧಿಕ.

ಊರು ಬಿಟ್ಟ ಮೇಲೆ

ಕರ್ನಾಟಕದ ಹೊರಗೆ ನೆಲೆಸಿದ ಕುಟುಂಬಗಳಿಗೆ ಈ ದಿನಚರಿಯು ಮತ್ತೊಂದು ಸಂಗತಿಯನ್ನೂ ತಿಳಿಸುತ್ತದೆ. ಊರಿನಲ್ಲಿದ್ದಾಗ ನಿತ್ಯದ ಊಟವಾಗಿದ್ದ ರಾಗಿ ಮುದ್ದೆ, ಜೋಳದ ರೊಟ್ಟಿಗಳು ಯಾವಾಗ ಹಬ್ಬದ ಅಥವಾ ರಜೆಯ ತಿನಿಸುಗಳಾದವೆಂಬುದು ನಮಗೆ ತಿಳಿಯುವುದೇ ಇಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಅಧಿಕ ಸುಣ್ಣದ ಅಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ. ಮುಂಬಯಿ, ಪುಣೆಗಳಲ್ಲಿ ನಾಚಣಿ, ಚೆನ್ನೈಯಲ್ಲಿ ಕೇಳ್ವರಗು, ಹೈದರಾಬಾದಿನಲ್ಲಿ ರಾಗುಲು, ದೆಹಲಿಯಲ್ಲಿ ಮಡುವಾ ಎಂದು ಕೇಳಿದರೆ ಅಂಗಡಿಯವರು ಕೊಡುವುದು ಇದೇ ರಾಗಿಯನ್ನು. ನೆರೆಹೊರೆಯವರಿಂದ ಕಲಿತ ಅಡುಗೆಗಳನ್ನೂ ದಿನಚರಿಯಲ್ಲಿ ಸೇರಿಸಬೇಕು. ಮಹಾರಾಷ್ಟ್ರದ ಉಸಳ್, ಉತ್ತರ ಭಾರತದ ರಾಜ್ಮಾ ಕಾಳಿನ ಕೊರತೆಯನ್ನು ತುಂಬಬಲ್ಲವು.

ವೈದ್ಯರಿಗೂ ನೆರವು

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಆಹಾರದ ಒಗ್ಗದಿಕೆ ಇರುವವರು ವೈದ್ಯರನ್ನು ಕಾಣಲು ಹೋಗುವಾಗ ಈ ಪುಸ್ತಕವನ್ನು ಕೊಂಡೊಯ್ಯಬೇಕು. ಆರು ತಿಂಗಳು ತುಂಬಿ ತಾಯಿಯ ಹಾಲಿನೊಂದಿಗೆ ಮೇಲಾಹಾರ ಆರಂಭಿಸಿದ ಮಗುವಿಗೆ ಯಾವ ಹೊಸ ಆಹಾರವನ್ನು ಯಾವ ದಿನ ಕೊಡಲಾಯಿತೆಂಬುದನ್ನು ಬರೆದಿಡುವುದು ಬಹಳ ಪ್ರಯೋಜನಕರ. ಆದರೆ ದಿನಚರಿಯು ಪರೀಕ್ಷೆಗೆ ಬದಲಿಯಲ್ಲ. ಆಯಾಸ, ಏದುಸಿರು ಇದ್ದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು.

ಪ್ರತಿವರ್ಷ ಸೆಪ್ಟೆಂಬರ್ 1ರಿಂದ 7ರವರೆಗೆ ರಾಷ್ಟ್ರೀಯ ಪೋಷಣಾ ಸಪ್ತಾಹವನ್ನು ಆಚರಿಸಲಾಗುತ್ತದೆ. ಆ ಏಳು ದಿನಗಳು ದಿನಚರಿಗೆ ಹೇಳಿಮಾಡಿಸಿದಂತಿವೆಯಾದರೂ ಅಲ್ಲಿಯವರೆಗೆ ಕಾಯಬೇಕಾದ ಕಾರಣವಿಲ್ಲ. ಬರೆದುದನ್ನು ತಪ್ಪು ಹುಡುಕಲು ಬಳಸದೆ, ಎಲ್ಲರೂ ಒಟ್ಟಿಗೆ ಕುಳಿತು ಓದಿ, ಒಂದೇ ಒಂದು ಬದಲಾವಣೆಯನ್ನು ನಿಶ್ಚಯಿಸಬೇಕು. ಬಡಿಸುವ ಮೊದಲೇ ತಾಯಿಯ ಪಾಲಿನ ಬೇಳೆ, ಪಲ್ಯಗಳನ್ನು ಒಂದು ಬಟ್ಟಲಲ್ಲಿ ತೆಗೆದಿರಿಸುವುದು ಅಂತಹ ಬದಲಾವಣೆಗಳಲ್ಲಿ ಮೊದಲನೆಯದಾಗಲಿ. ಅದಕ್ಕೆ ಹೆಚ್ಚುವರಿ ಖರ್ಚು ತಗಲುವುದಿಲ್ಲ.