'ಇಲ್ಲ' ಮುಂದಿನ ಸಾಲಿನಲ್ಲಿತ್ತು

ಅಕ್ಕನ ಮಗನಿಗೆ ಐದು ದಿನ ಬಿಡದ ಜ್ವರ. ಕಣ್ಣು ಕೆಂಪು, ತುಟಿ ಒಡೆದಿತ್ತು, ಮೈಮೇಲೆಲ್ಲ ದದ್ದು. ಆಸ್ಪತ್ರೆಯಿಂದ ಅಕ್ಕ ಫೋನ್ ಮಾಡಿ, "ಲೋ, ಕವಾಸಾಕಿ ಅಂತಿದ್ದಾರೆ ಕಣೋ. ಅದು ಬೈಕ್ ಅಲ್ವೇನೋ?" ಅಂದಳು.

ಬೈಕ್ ಅಲ್ಲ. ತೊಮಿಸಾಕು ಕವಾಸಾಕಿ ಟೋಕಿಯೊದ ಮಕ್ಕಳ ಡಾಕ್ಟರು. 1961ರಲ್ಲಿ ನಾಲ್ಕು ವರ್ಷದ ಹುಡುಗನೊಬ್ಬನಲ್ಲಿ ಈ ಕಾಯಿಲೆಯನ್ನು ಮೊದಲು ನೋಡಿದರು. 1967ರಲ್ಲಿ 50 ಮಕ್ಕಳ ವಿವರ ಬರೆದರು, ಜಪಾನೀ ಭಾಷೆಯಲ್ಲಿ. ಇಂಗ್ಲಿಷಿನಲ್ಲಿ ಬಂದದ್ದು 1974ಕ್ಕೆ. ಅಷ್ಟರಲ್ಲಿ ಹವಾಯಿಯ ಡಾಕ್ಟರುಗಳು ಇಂಥದೇ ಮಕ್ಕಳನ್ನು ನೋಡಿ, ಇದೇನಿದು ಅಂತ ತಾವೇ ಮೊದಲಿಂದ ಹುಡುಕುತ್ತಿದ್ದರು!

ಹುಡುಗನಿಗೆ ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್ ಹಾಕಿದರು. ಜ್ವರ ಶುರುವಾದ ಹತ್ತು ದಿನದೊಳಗೆ ಕೊಟ್ಟರೆ ಹೃದಯದ ರಕ್ತನಾಳ ಊದಿಕೊಳ್ಳುವ ಅಪಾಯ ತುಂಬಾ ಕಡಿಮೆಯಾಗುತ್ತದೆ. ರಾತ್ರಿ ನನಗೆ ನಿದ್ದೆ ಬರಲಿಲ್ಲ, ಲ್ಯಾಪ್‌ಟಾಪ್ ತೆಗೆದೆ.

ಕವಾಸಾಕಿ ಅಂತ ಹುಡುಕಿದರೆ ಮೂಲ ಲೇಖನ ಸಿಗುವುದು ಕಷ್ಟ. ಪಾಪ, ಅವರು ತಮ್ಮ ಹೆಸರನ್ನೇ ಇಟ್ಟಿರಲಿಲ್ಲ. ಶೀರ್ಷಿಕೆ ಬರೀ ಲಕ್ಷಣಗಳ ಸರಮಾಲೆ: ಜ್ವರ, ಚರ್ಮ, ದುಗ್ಧ ಗ್ರಂಥಿ, ಬೆರಳ ಸಿಪ್ಪೆ ಸುಲಿಯುವುದು. ಅದರಲ್ಲಿ ದುಗ್ಧ ಗ್ರಂಥಿಗೆ ಹಳೆಯ ಚಿತ್ರಲಿಪಿಯ ಪದವಿದೆ, ಈಗ ಬರೆಯುವ ರೀತಿ ಬೇರೆ. ಹಾಗಾಗಿ ಇಂದಿನ ಪದ ಕಾಪಿ ಮಾಡಿ ಹುಡುಕಿದರೆ ಸಾಲದು. ನನಗೆ ನೆರವಾದದ್ದು ಇಂಗ್ಲಿಷ್ ಲೇಖನಗಳ ಕೊನೆಯ ಉಲ್ಲೇಖಪಟ್ಟಿ. ಆಮೇಲೆ ಜಪಾನಿನ 'ಜೆ-ಸ್ಟೇಜ್' ತಾಣ, ಅಲ್ಲಿ ಎಷ್ಟೋ ಜಪಾನೀ ಲೇಖನಗಳಿಗೆ ಇಂಗ್ಲಿಷ್ ಸಾರಾಂಶವೂ ಇರುತ್ತದೆ. ಕೋಷ್ಟಕದ ಅಂಕಿಗಳಿಗಂತೂ ಭಾಷೆಯೇ ಬೇಡ.

ಎಡವಿದ್ದು ಅನುವಾದದಲ್ಲಿ. ಒಂದು ಪಿಡಿಎಫ್‌ನ ಸಾಲುಗಳನ್ನು ಒಂದೊಂದಾಗಿ ಅನುವಾದದ ಆ್ಯಪ್‌ಗೆ ಹಾಕುತ್ತಿದ್ದೆ. ಚಿಕಿತ್ಸೆಯ ನಂತರವೂ ರಕ್ತನಾಳದಲ್ಲಿ ಊತ ಕಂಡುಬಂದಿದೆ ಅಂತ ಬಂತು. ಎದೆ ಧಸಕ್ಕೆಂದಿತು. ಅಕ್ಕನಿಗೆ ಮೆಸೇಜ್ ಕೂಡ ಟೈಪ್ ಮಾಡಿದ್ದೆ. ಯಾಕೋ ಕಳಿಸದೆ, ಎರಡು ವರ್ಷ ಜಪಾನಿನಲ್ಲಿದ್ದ ಸಹೋದ್ಯೋಗಿಗೆ ಸ್ಕ್ರೀನ್‌ಶಾಟ್ ಹಾಕಿದೆ. ಬೆಳಗ್ಗೆ ಉತ್ತರ ಬಂತು: "ಗುರೂ, ಮುಂದಿನ ಸಾಲು ಎಲ್ಲಿ? 'ಇಲ್ಲ' ಅಲ್ಲಿದೆ."

ಜಪಾನಿಯಲ್ಲೂ ನಮ್ಮ ಹಾಗೇ ಕ್ರಿಯಾಪದ ಕೊನೆಗೆ, 'ಇಲ್ಲ'ವೂ ಅದರ ಬಾಲಕ್ಕೆ. 'ಕಂಡುಬಂದಿಲ್ಲ' ಅನ್ನುವುದನ್ನು ನಾನು ನಡುವೆ ಕತ್ತರಿಸಿದ್ದೆ. ಕನ್ನಡ ಆಡುವ ನನಗೆ ಇದು ಹೊಳೆಯಬೇಕಿತ್ತು.

ತಿರುಗಾ ತಪ್ಪೂ ಆಗಬಹುದು ನೋಡಿ. 1967ರ ಲೇಖನ ಒಂದನ್ನೇ ಓದಿದ್ದರೆ ಇದು ತಾನಾಗಿ ವಾಸಿಯಾಗುವ ಕಾಯಿಲೆ ಅಂದುಕೊಂಡು ನೆಮ್ಮದಿಯಾಗುತ್ತಿದ್ದೆ. ಹೃದಯದ ವಿಷಯ ಸ್ಪಷ್ಟವಾದದ್ದು ಆಮೇಲೆ.

ಎಕೋ ನಾರ್ಮಲ್ ಬಂತು. ಎರಡನೇ ವಾರ ಅಕ್ಕ ಗಾಬರಿಯಾಗಿ ಫೋಟೋ ಕಳಿಸಿದಳು, ಹುಡುಗನ ಬೆರಳ ತುದಿಯ ಸಿಪ್ಪೆ ಸುಲಿಯುತ್ತಿತ್ತು. "ಅದು ಶೀರ್ಷಿಕೆಯಲ್ಲೇ ಇತ್ತು ಕಣೇ" ಅಂದೆ. "ಆದ್ರೂ ಡಾಕ್ಟ್ರಿಗೆ ತೋರಿಸು."